ಯಾರ ಹೆಸರು ಬರೆಯಬೇಕು?

ಟೀವಿಯಲ್ಲಿ ರಿಯಾಲಿಟಿ ಶೋ ನೋಡುವವರನ್ನು ಕಂಡು ಮೂಗು ಮುರಿಯುವವರ ಗುಂಪಿಗೆ ನಾನು ಸೇರಿದವಳಲ್ಲ. 2013ರಲ್ಲಿ ಈಟೀವಿ ಕನ್ನಡದಲ್ಲಿ ‘ಬಿಗ್ ಬಾಸ್’ ಆರಂಭವಾದಾಗಿನಿಂದ ಬಿಡುವಾದಾಗಲೆಲ್ಲ ನೋಡಿದ್ದೇನೆ. ಸುದೀಪ್ ವಾರದ ಕೊನೆಗೆ ಬಂದು ಮನೆಯವರ ಜಗಳ ಬಗೆಹರಿಸುವುದನ್ನು ನಮ್ಮ ಊರಿಗಾಂನಲ್ಲಿ ಮನೆಮಾತು ತಮಿಳಾದವರೂ ನೋಡುತ್ತಾರೆ. 2017ರಿಂದ ಕೆಲವು ವರ್ಷ ಕಮಲಹಾಸನ್ ನಡೆಸಿಕೊಟ್ಟ ತಮಿಳು ಬಿಗ್ ಬಾಸ್ ಬೇರೆ. ಹೀಗಾಗಿ ಇಲ್ಲಿನ ಕೆಲವು ಮನೆಗಳಲ್ಲಿ ಎರಡು ಭಾಷೆಯ ಜಗಳ. ರಿಮೋಟಿಗಾಗಿ ನಡೆಯುವ ಮೂರನೆಯದನ್ನು ನಾನು ಲೆಕ್ಕಕ್ಕೆ ಹಿಡಿದಿಲ್ಲ.

ನನ್ನ ತಕರಾರೇನಿದ್ದರೂ ಅದರಿಂದ ಪಾಠ ತೆಗೆಯುವವರ ಮೇಲೆ. ಕೆಲವು ವರ್ಷಗಳ ಹಿಂದೆ ಶಿಕ್ಷಕರ ತರಬೇತಿಯೊಂದರಲ್ಲಿ ಸಂಪನ್ಮೂಲ ವ್ಯಕ್ತಿಯೊಬ್ಬರು ಆ ಕಾರ್ಯಕ್ರಮದ ತುಣುಕುಗಳನ್ನು ತೋರಿಸಿ, ಸಹೋದ್ಯೋಗಿಗಳು ಒಗ್ಗಟ್ಟಿನಿಂದ ದುಡಿಯುವುದು ಹೇಗೆಂದು ಇದರಿಂದ ಕಲಿಯಿರಿ ಎಂದರು. ಕ್ಯಾಪ್ಟನ್ ಆದವನು ಅಡುಗೆ, ಪಾತ್ರೆ, ಬಚ್ಚಲು ಎಂದು ಕೆಲಸ ಹಂಚುತ್ತಾನೆ. ಟಾಸ್ಕ್ ಬಂತೆಂದರೆ ನಿನ್ನೆ ಕಚ್ಚಾಡಿದವರೂ ಹೆಗಲು ಕೊಡುತ್ತಾರೆ. ಇದೆಲ್ಲ ನಿಜವೇ. ಅಲ್ಲಿಯ ಅಡುಗೆಮನೆ ಜಗಳವಂತೂ ನಟನೆಯೆಂದು ನನಗೆ ಯಾವತ್ತೂ ಅನ್ನಿಸಿಲ್ಲ. ಹದಿನೈದು ಜನಕ್ಕೆ ಚಪಾತಿ ಲಟ್ಟಿಸಿದವಳಿಗೆ ಮಾತ್ರ ಗೊತ್ತು, ತಿಂದವರು ತಟ್ಟೆ ತೊಳೆಯದೆ ಎದ್ದು ಹೋದರೆ ಹೊಟ್ಟೆಯಲ್ಲಿ ಏನಾಗುತ್ತದೆಂದು.

ಆದರೆ ಅವರು ತೋರಿಸದೆ ಬಿಟ್ಟ ತುಣುಕೊಂದಿತ್ತು: ನಾಮಿನೇಷನ್. ಜೊತೆಗೆ ಉಂಡವರೇ, ಹೊರಗೆ ಹೋಗಬೇಕಾದವರು ಯಾರೆಂದು ಹೆಸರು ಹೇಳುವುದು. ಸ್ವೀಡನ್ನಿನಲ್ಲಿ 1997ರಲ್ಲಿ ಜನರನ್ನು ದ್ವೀಪದಲ್ಲಿ ಬಿಟ್ಟು ಆಡಿಸಿದ ಆಟದಲ್ಲೂ, 1999ರಲ್ಲಿ ಹಾಲೆಂಡಿನಲ್ಲಿ ಹುಟ್ಟಿ ನಮ್ಮ ಬಿಗ್ ಬಾಸ್‌ಗೆ ಮೂಲವಾದ ‘ಬಿಗ್ ಬ್ರದರ್’ನಲ್ಲೂ ಇದೇ ಕೀಲು. ಕೊನೆಗೆ ಗೆಲ್ಲುವವನು ಒಬ್ಬ. ಅವನು ಗೆಲ್ಲಬೇಕಾದರೆ ಉಳಿದವರೆಲ್ಲ ಒಬ್ಬೊಬ್ಬರಾಗಿ ಪೆಟ್ಟಿಗೆ ಕಟ್ಟಬೇಕು. ಆ ಮನೆಯ ಒಗ್ಗಟ್ಟಿಗೆ ವಾರದ ಆಯಸ್ಸು.

ನನ್ನ ತಂದೆ ಚಾಂಪಿಯನ್ ರೀಫ್ ಗಣಿಯಲ್ಲಿ ಬ್ಯಾಂಕ್ಸ್‌ಮನ್ ಆಗಿದ್ದರು. ಶಾಫ್ಟಿನ ಬಾಯಲ್ಲಿ ನಿಂತು, ಜನರನ್ನು ಕೇಜಿಗೆ ಹತ್ತಿಸಿ, ಬಾಗಿಲು ಹಾಕಿ, ಗಂಟೆಯ ಸಂಕೇತ ಕೊಡುವ ಕೆಲಸ. ಕೇಜನ್ನು ಇಳಿಸುವ ವೈಂಡಿಂಗ್ ಡ್ರೈವರ್ ದೂರದ ಎಂಜಿನ್ ಮನೆಯಲ್ಲಿ ಕೂತಿರುತ್ತಿದ್ದ. ಅವನಿಗೆ ಕೆಳಗಿನ ಜನ ಕಾಣುವುದಿಲ್ಲ. ಕಿವಿಗೆ ಗಂಟೆ, ಕಣ್ಣಿಗೆ ಆಳ ತೋರಿಸುವ ಮುಳ್ಳು, ಇಷ್ಟೇ. ಮೂರು ಕಿಲೋಮೀಟರಿಗೂ ಮೀರಿ ಆಳವಾಗಿದ್ದ ಆ ಗಣಿಯಲ್ಲಿ ಒಬ್ಬನ ಜೀವ ಅವನು ಮುಖ ನೋಡದವರ ಕೈಯಲ್ಲಿತ್ತು. ನಮ್ಮ ತಂದೆಗೂ ಒಬ್ಬ ಡ್ರೈವರಿಗೂ ಹಬ್ಬದ ಚಂದಾ ವಿಷಯಕ್ಕೆ ಮಾತು ಬಿಟ್ಟುಹೋಗಿ, ಏಳೆಂಟು ವರ್ಷ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಆದರೆ ಗಂಟೆ ಒಂದು ದಿನವೂ ತಪ್ಪಲಿಲ್ಲ. ಟೀವಿಯವರು ಅಪ್ಪಿಕೊಂಡು ಅಳುವುದನ್ನೇ ಒಗ್ಗಟ್ಟು ಎಂದು ತೋರಿಸುವಾಗ ನನಗೆ ಇವರಿಬ್ಬರ ನೆನಪಾಗುತ್ತದೆ. ಕೂಡಿ ದುಡಿಯುವುದಕ್ಕೆ ಪ್ರೀತಿ ಇರಲೇಬೇಕೆಂದಿಲ್ಲ. ಪಕ್ಕದವನಿಗೆ ಕೇಡಾದರೆ ನನಗೆ ಲಾಭ ಎನ್ನುವ ಏರ್ಪಾಡು ಇರಬಾರದು, ಅಷ್ಟೆ.

ತಂದೆಯವರು ಕೊನೆಗಾಲದಲ್ಲಿ ನನ್ನ ಜೊತೆ ಕೂತು ಬಿಗ್ ಬಾಸ್ ನೋಡಿದ್ದುಂಟು. ಆಟದ ನಿಯಮ ಬಿಡಿಸಿ ಹೇಳಿದೆ. “ಕೊನೆಗೆ ಒಬ್ಬನೇ ಉಳಿಯೋದಾ? ನಮ್ಮಲ್ಲಿ ಹತ್ತು ಜನ ಇಳಿದು ಒಬ್ಬ ಮೇಲೆ ಬಂದ್ರೆ ಅದನ್ನ ಆಕ್ಸಿಡೆಂಟ್ ಅಂತಿದ್ರಮ್ಮ” ಎಂದು ಮಲಗಲು ಎದ್ದು ಹೋದರು.

ಗಣಿಯನ್ನು ಹೊಗಳಿ ಅಟ್ಟಕ್ಕೇರಿಸುವ ಉದ್ದೇಶ ನನಗಿಲ್ಲ. ದೊರೆಗಳಿಗೆ ಬಂಗಲೆ, ಕೂಲಿಯವರಿಗೆ ಲೈನ್ ಮನೆ. ಬಂಡೆ ಸಿಡಿದರೆ ಮೇಲೆ ಊರಿನ ಪಾತ್ರೆಗಳೆಲ್ಲ ನಡುಗುತ್ತಿದ್ದವು. ಯಾರ ಮನೆಯವರು ಯಾವ ಪಾಳಿಯಲ್ಲಿ ಇಳಿದಿದ್ದಾರೆಂದು ಹೆಂಗಸರು ಬೀದಿಗೆ ಓಡುತ್ತಿದ್ದರು. ಕಲ್ಲಿನ ಧೂಳು ಎಷ್ಟೋ ಜನರ ಶ್ವಾಸಕೋಶ ತಿಂದಿತು. ಕಾರ್ಮಿಕರೆಲ್ಲ ಬೆರಳಚ್ಚು ಕೊಟ್ಟು ಹೆಸರು ನೋಂದಾಯಿಸಬೇಕೆಂದು ಬಂದಾಗ 1930ರಲ್ಲಿ ಇಲ್ಲಿ ದೊಡ್ಡ ಮುಷ್ಕರವೇ ನಡೆಯಿತು. ಕೆಳಗಿನ ಒಗ್ಗಟ್ಟನ್ನು ಯಾರೂ ಆರಿಸಿಕೊಂಡದ್ದಲ್ಲ, ಕತ್ತಲೆ ಕಲಿಸಿದ್ದು. 2001ರಲ್ಲಿ ಗಣಿ ಮುಚ್ಚಿದ ಮೇಲೆ ಅದೂ ಚದುರಿತು. ಮಾರಿಕುಪ್ಪಂನಿಂದ ಹೊರಡುವ ಬೆಳಗಿನ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ದುಡಿಯುವವರಲ್ಲಿ ಈಗ ಒಬ್ಬೊಬ್ಬರ ಕಂಪನಿ ಒಂದೊಂದು.

ಊರು ಬರಿದಾದಂತೆ ಶಾಲೆಗಳಲ್ಲಿ ಮಕ್ಕಳೂ ಕಡಿಮೆಯಾದರು. ನಾನು ಹಿಂದೆ ಕೆಲಸ ಮಾಡುತ್ತಿದ್ದ ಶಾಲೆಯೊಂದರಲ್ಲಿ (ಹೆಸರು ಬೇಡ) ಆಡಳಿತ ಮಂಡಳಿಯವರು ಒಂದು ದಿನ ನಮ್ಮನ್ನೆಲ್ಲ ಕೂರಿಸಿ, ಒಬ್ಬರನ್ನು ಕಡಿಮೆ ಮಾಡಲೇಬೇಕು, ಯಾರಿಲ್ಲದಿದ್ದರೂ ಶಾಲೆ ನಡೆಯುತ್ತದೆಂದು ಚೀಟಿಯಲ್ಲಿ ಬರೆದುಕೊಡಿ ಎಂದರು. ಹನ್ನೊಂದು ಜನಕ್ಕೆ ಹನ್ನೊಂದು ಚೀಟಿ. ಟೀವಿಯಲ್ಲಾದರೆ ಹೆಸರಿನ ಜೊತೆ ಕಾರಣವನ್ನೂ ಹೇಳಬೇಕು, ಲೋಕವೆಲ್ಲ ಕೇಳಿಸಿಕೊಳ್ಳುತ್ತದೆ. ನಮ್ಮ ಚೀಟಿಗೆ ಕಾರಣ ಬೇಕಿರಲಿಲ್ಲ. ಆ ಮಟ್ಟಿಗೆ ಬಿಗ್ ಬಾಸ್ ಮನೆಯೇ ಮೇಲು ಎನ್ನಬೇಕು.

ನಾನು ಖಾಲಿ ಚೀಟಿ ಮಡಿಸಿ ಕೊಟ್ಟೆ. ಆಮೇಲೆ ಗೆಳತಿಯೊಬ್ಬರು ನನ್ನೊಡನೆ ವಾದಕ್ಕಿಳಿದರು: ಖಾಲಿ ಕೊಟ್ಟರೆ ಕೈ ತೊಳೆದುಕೊಂಡಂತಾಯಿತೆ? ನೀವು ಬರೆಯದಿದ್ದರೂ ಲೆಕ್ಕ ನಿಲ್ಲಲಿಲ್ಲ, ಬರೆದವರ ಮಾತೇ ನಡೆಯಿತಲ್ಲ? ವಾದದಲ್ಲಿ ಹುರುಳಿದೆ. ಆದರೂ ಖಾಲಿ ಕೊಟ್ಟದ್ದೇ ಸರಿಯೆಂದು ಈಗಲೂ ನನ್ನ ನಂಬಿಕೆ. ಆ ಪ್ರಶ್ನೆಯನ್ನು ಕೇಳುವ ಹಕ್ಕು ಅವರಿಗಿರಲಿಲ್ಲ. ಒಮ್ಮೆ ಉತ್ತರ ಬರೆದವರಿಗೆ ಮುಂದಿನ ವರ್ಷ ಅದನ್ನೇ ಕೇಳಿದರೆ ಬೇಡವೆನ್ನುವ ಬಾಯಿ ಇರುವುದಿಲ್ಲ.

ಎಲ್ಲರಿಗಿಂತ ಹಿರಿಯರಾದ ಹಿಂದಿ ಮೇಷ್ಟ್ರು ಇನ್ನೊಂದು ದಾರಿ ಹೇಳಿದರು. ಎಲ್ಲರೂ ಸಂಬಳದಲ್ಲಿ ಹನ್ನೊಂದನೆಯ ಒಂದು ಪಾಲು ಬಿಟ್ಟುಕೊಟ್ಟರೆ ಯಾರೂ ಹೋಗಬೇಕಿಲ್ಲವಲ್ಲ ಎಂದು. ಸ್ಟಾಫ್ ರೂಮು ನಿಶ್ಶಬ್ದವಾಯಿತು. ನಾವು ನಾಲ್ಕು ಜನ ಕೈಯೆತ್ತಿದೆವು. ಉಳಿದವರಲ್ಲಿ ಇಬ್ಬರಿಗೆ ಮನೆಸಾಲ, ಒಬ್ಬರಿಗೆ ಮಗಳ ಮದುವೆ ಗೊತ್ತಾಗಿತ್ತು, ಇನ್ನೊಬ್ಬರ ಯಜಮಾನರು ಗಣಿ ಬಿಟ್ಟ ಮೇಲೆ ಹಾಸಿಗೆ ಹಿಡಿದಿದ್ದರು. ಕೈಯೆತ್ತದವರನ್ನು ನಾನು ಆಗಲೂ ತಪ್ಪು ತಿಳಿಯಲಿಲ್ಲ. ನನಗೆ ಸಾಲವಿರಲಿಲ್ಲ, ಕೈ ಹಗುರವಾಗಿ ಮೇಲೆದ್ದಿತು. ಮೇಷ್ಟ್ರು ಮಾತ್ರ ಮನೆಸಾಲವಿದ್ದೂ ಎತ್ತಿದ್ದರು.