ಯಾರ ಮೇಲಿನ ಸಿಟ್ಟು?

ಅಗಾಥಾ ಕ್ರಿಸ್ಟಿಯ ಪತ್ತೇದಾರಿ ಕಾದಂಬರಿಗಳಲ್ಲಿ ಕೊನೆಯ ಪುಟದ ಹೊತ್ತಿಗೆ ಎಲ್ಲ ಗಂಟುಗಳೂ ಬಿಚ್ಚಿಕೊಳ್ಳುತ್ತವೆ. ಬಿಚ್ಚದೆ ಉಳಿದದ್ದು ಆಕೆಯ ಬದುಕಿನದೇ ಒಂದು ಗಂಟು.

1926ರ ಡಿಸೆಂಬರ್ 3ರ ರಾತ್ರಿ, ಏಳು ವರ್ಷದ ಮಗಳನ್ನು ಮನೆಯಲ್ಲಿ ಬಿಟ್ಟು ಆಕೆ ಕಾರಿನಲ್ಲಿ ಹೊರಟಳು. ಮರುದಿನ ಇಂಗ್ಲೆಂಡಿನ ಸರ್ರೆಯಲ್ಲಿ ಕಾರು ಸಿಕ್ಕಿತು. ಅಂಥ ಚಳಿಯಲ್ಲೂ ತುಪ್ಪಟದ ಕೋಟು ಕಾರಿನಲ್ಲೇ ಇತ್ತು, ಆಕೆ ಇರಲಿಲ್ಲ. ಪೊಲೀಸರೂ ಊರವರೂ ಗುಡ್ಡ, ಕೊಳಗಳನ್ನೆಲ್ಲ ಜಾಲಾಡಿದರು. ಹನ್ನೊಂದು ದಿನಗಳ ಮೇಲೆ ಆಕೆ ಸಿಕ್ಕಿದ್ದು ದೂರದ ಹ್ಯಾರೊಗೇಟಿನ ಹೋಟೆಲಿನಲ್ಲಿ. ಅಲ್ಲಿ ಬರೆಸಿದ್ದ ಮನೆತನದ ಹೆಸರು ನೀಲ್. ಅದು ಗಂಡ ಮೆಚ್ಚಿಕೊಂಡಿದ್ದ ಹೆಣ್ಣಿನದು!

ಅಂದಿನಿಂದ ವಾದ ನಿಂತಿಲ್ಲ. ಪುಸ್ತಕದ ಪ್ರಚಾರಕ್ಕೆಂದರು ಕೆಲವರು. ಗಂಡನ ತಲೆಗೆ ಕೊಲೆ ಕಟ್ಟಲು ಎಂದರು ಇನ್ನು ಕೆಲವರು. ಗೆಳತಿಯ ಮಾನ ಕಳೆಯಲು, ತಾನೇ ಸಾಯಲು ಎಂದವರೂ ಇದ್ದಾರೆ. ನೆನಪು ತಪ್ಪಿತ್ತು ಎಂದರು ವೈದ್ಯರು. 1977ರಲ್ಲಿ ಬಂದ ಆತ್ಮಕಥೆಯಲ್ಲಿ ಆ ದಿನಗಳ ಸುದ್ದಿಯೇ ಇಲ್ಲ.

ಹೆಣ್ಣು ಮನೆಯಿಂದ ಹೊರಟಳೆಂದರೆ ನಾವು ಮೊದಲು ಕೇಳುವುದು, ಯಾರ ಮೇಲಿನ ಸಿಟ್ಟಿಗೆ ಎಂದು. ಹೇಳದೆ ತವರಿಗೆ ಹೋದವಳ ಬಗ್ಗೆ ನಮ್ಮ ಹಿತ್ತಲುಗಳಲ್ಲೂ ಇದೇ ಮಾತು: ಗಂಡನಿಗೆ ಬುದ್ಧಿ ಕಲಿಸಲು, ಅತ್ತೆಯ ಮರ್ಯಾದೆ ತೆಗೆಯಲು. ಅದೇ ವರ್ಷ ಅಗಾಥಾಳ ತಾಯಿ ತೀರಿಕೊಂಡಿದ್ದರು. ಗಂಡ ವಿಚ್ಛೇದನ ಕೇಳಿದ್ದ. ಇಷ್ಟು ಸಾಲದೇ? ದುಃಖಕ್ಕೂ ಒಬ್ಬ ಶತ್ರು ಬೇಕೇ?

ನೀಲ್ ಎಂಬ ಹೆಸರಿನಲ್ಲಿ ಸಿಟ್ಟಿರಲಿಲ್ಲ ಎನ್ನಲಾರೆ. ಆದರೆ ಮನಸ್ಸಿನಲ್ಲಿ ಹುಣ್ಣಾದ ಹೆಸರೇ ನಾಲಗೆಗೆ ಮೊದಲು ಬರುವುದೂ ಉಂಟಲ್ಲವೇ?

ಹಾಗೆಂದು ಆಕೆ ಯಾರಿಗೂ ಉತ್ತರ ಕೊಡಬೇಕಾಗಿರಲಿಲ್ಲ ಎಂದಲ್ಲ. ದಾರಿ ಕಾದ ಮಗಳಿಗೆ ಕೊಡಬೇಕಿತ್ತು. ಚಳಿಯಲ್ಲಿ ಹುಡುಕಿದವರಿಗೆ ಒಂದು ಒಳ್ಳೆಯ ಮಾತು ಸಲ್ಲಬೇಕಿತ್ತು. ತಪ್ಪು ಮಾಡಿದವನಾದರೂ, ಕೊಲೆಯ ಸಂಶಯ ಹೊತ್ತ ಗಂಡನಿಗೂ ನಿಜ ತಿಳಿಯಬೇಕಿತ್ತು. ಆದರೆ ಪತ್ರಿಕೆ ಓದಿ ಬಾಯಿ ಚಪ್ಪರಿಸಿದವರಿಗೆ ಆಕೆ ಏನು ಬಾಕಿ? ನೊಂದವರ ಪ್ರಶ್ನೆಗೆ ಹಕ್ಕಿದೆ, ಕುತೂಹಲಕ್ಕೆ ಇಲ್ಲ. ಇವೆರಡನ್ನೂ ಒಂದೇ ತಕ್ಕಡಿಗೆ ಹಾಕುವುದು ಅನ್ಯಾಯ.

1928ರಲ್ಲಿ ವಿಚ್ಛೇದನವಾಯಿತು. 1976ರಲ್ಲಿ ತೀರಿಕೊಳ್ಳುವವರೆಗೂ ಆಕೆ ಆ ಮೌನ ಮುರಿದದ್ದು ತೀರಾ ಅಪರೂಪ. ಮುರಿಯುವಂತೆ ಯಾರಾದರೂ ಕೇಳಿದ್ದರೋ ಇಲ್ಲವೋ! ಮರಳಿ ಬಂದವಳನ್ನು “ಯಾಕೆ ಹೋದೆ?” ಎನ್ನುವ ಮೊದಲು “ಊಟವಾಯಿತೇ?” ಎಂದು ಕೇಳುವವರು ಒಬ್ಬರಾದರೂ ಇರಬೇಕು. ಉಳಿದದ್ದನ್ನು ಹೇಳುವುದೋ ಬಿಡುವುದೋ, ಅವಳಿಗೇ ಬಿಡೋಣ.