ಅತಿಯಾದ ಆರೈಕೆ

ಅತಿಯಾದರೆ ಅಮೃತವೂ ವಿಷ ಎಂಬ ಮಾತನ್ನು ನಾವೆಲ್ಲರೂ ಬಲ್ಲೆವು. ಆದರೆ ಪ್ರೀತಿಯ ವಿಷಯದಲ್ಲಿ ಅದನ್ನು ಒಪ್ಪಲು ಮನಸ್ಸು ಹಿಂಜರಿಯುತ್ತದೆ. ಪ್ರೀತಿಯಿಂದ ಕೊಟ್ಟದ್ದೂ ಹಾನಿ ಮಾಡಬಲ್ಲದೇ? ಈ ಪ್ರಶ್ನೆಯನ್ನು ನನ್ನ ಮುಂದಿಟ್ಟದ್ದು ಅಂಗಳದಲ್ಲಿನ ಒಂದು ಗುಲಾಬಿ ಗಿಡ.

ನಿವೃತ್ತಿಯ ನಂತರ ಮೊದಲ ಬಾರಿಗೆ ಗಿಡ ಬೆಳೆಸಲು ಹೊರಟವನು ನಾನು. ಬೆಳಿಗ್ಗೆ ಸಂಜೆ ತಪ್ಪದೆ ನೀರೆರೆದೆ. ಬೇಗನೆ ಹೂ ಬಿಡಲೆಂದು ವಾರಕ್ಕೊಂದು ದೊಡ್ಡ ಚಮಚ ಯೂರಿಯಾ ಹಾಕಿದೆ. ತಿಂಗಳು ತುಂಬುವಷ್ಟರಲ್ಲಿ ಎಲೆಗಳು ಹಳದಿಗಟ್ಟಿದವು, ಅವುಗಳ ಅಂಚು ಸುಟ್ಟಂತೆ ಕಂದಾಯಿತು, ಗಿಡ ಬಾಡಿ ತಲೆಬಾಗಿತು. ಬಾಯಾರಿರಬೇಕೆಂದು ಇನ್ನೊಂದು ಚೊಂಬು ನೀರು ಸುರಿದೆ.

ನಾನು ಎಡವಿದ್ದು ಅಲ್ಲಿಯೇ. ಬೇರಿಗೂ ಉಸಿರಾಟವುಂಟು. ಮಣ್ಣಿನ ಕಣಗಳ ನಡುವಣ ಸಂದುಗಳಲ್ಲಿ ಗಾಳಿಯಿರಬೇಕು; ಅವು ಸದಾ ನೀರಿನಿಂದಲೇ ತುಂಬಿದ್ದರೆ ಬೇರು ಉಸಿರುಗಟ್ಟಿ ಕೊಳೆಯುತ್ತದೆ. ಕೊಳೆತ ಬೇರು ನೀರನ್ನು ಹೀರಲಾರದು. ಆದ್ದರಿಂದ ನೀರು ಹೆಚ್ಚಾದ ಗಿಡವೂ ಬಾಯಾರಿದ ಗಿಡದಂತೆಯೇ ಬಾಡುತ್ತದೆ. ಗೊಬ್ಬರದ ಕತೆಯೂ ಅಷ್ಟೆ. ಯೂರಿಯಾದಲ್ಲಿ ನೂರಕ್ಕೆ 46 ಪಾಲು ಸಾರಜನಕ. ಅಂಥ ಗೊಬ್ಬರ ಮಿತಿಮೀರಿ ಮಣ್ಣಿನಲ್ಲಿ ಲವಣಾಂಶ ಹೆಚ್ಚಿದಾಗ, ಬೇರು ನೀರನ್ನು ಹೀರುವ ಬದಲು ತನ್ನಲ್ಲಿದ್ದುದನ್ನೇ ಕಳೆದುಕೊಳ್ಳುತ್ತದೆ.

ತೋಟದ ಕೆಲಸ ಬಲ್ಲ ನೆರೆಮನೆಯ ಹಿರಿಯರು ಬಂದು ನೋಡಿ, "ಇನ್ನು ಸ್ವಲ್ಪ ದಿನ ಏನನ್ನೂ ಕೊಡಬೇಡಿ" ಎಂದರು. ಬೇರು ಗಟ್ಟಿಯಾಗಿದ್ದು ಗೊಬ್ಬರವಷ್ಟೇ ಹೆಚ್ಚಾಗಿದ್ದರೆ, ಧಾರಾಳವಾಗಿ ನೀರು ಹರಿಸಿ ತಳದಿಂದ ಬಸಿದುಹೋಗಲು ಬಿಡಬಹುದಂತೆ. ಬೇರು ಕೊಳೆತಿರುವಾಗ ಅದೂ ಅಪಾಯ. ಅವರು ಗಿಡವನ್ನು ಮೆಲ್ಲನೆ ಹೊರತೆಗೆದು, ಕಪ್ಪಾಗಿ ಮೆತ್ತಗಾಗಿದ್ದ ಬೇರುಗಳನ್ನು ಕತ್ತರಿಸಿ, ಗಟ್ಟಿಯಾದವನ್ನು ಮಾತ್ರ ಉಳಿಸಿದರು. ತಳದಲ್ಲಿ ತೂತುಗಳುಳ್ಳ ಕುಂಡದಲ್ಲಿ ಮರಳು ಬೆರೆಸಿದ ಹೊಸ ಮಣ್ಣು ತುಂಬಿ ನೆಟ್ಟು, ಒಮ್ಮೆ ನೀರುಣಿಸಿ, ನೆರಳಿಗೆ ಸರಿಸಿದರು. ಬೆರಳನ್ನು ಒಂದಂಗುಲ ಮಣ್ಣಿಗಿಳಿಸಿ ನೋಡಿ, ಒಣಗಿದ್ದರೆ ಮಾತ್ರ ನೀರು. ಚೆನ್ನಾಗಿ ಚಿಗುರುವವರೆಗೆ ಗೊಬ್ಬರ ಬೇಡ. "ಬದುಕುವುದು ಅದರ ಕೆಲಸ, ದಿನವೂ ಬಂದು ನೋಡುವುದು ನಿಮ್ಮದು" ಎಂದು ಹೇಳಿ ಹೊರಟರು.

ಆ ದಿನಗಳಲ್ಲಿಯೇ ದೂರದ ಊರಿನಲ್ಲಿ ಕೆಲಸಕ್ಕೆ ಸೇರಿದ್ದ ನನ್ನ ಮಗ ಫೋನಿನಲ್ಲಿ ಮಾತು ಕಡಿಮೆ ಮಾಡಿದ್ದ. ಅವನು ಮೌನವಾದಷ್ಟೂ ನಾನು ಕರೆಗಳನ್ನು ಹೆಚ್ಚಿಸಿದ್ದೆ. ಕೇಳದ ಹಣವನ್ನೂ ಕೇಳದ ಬುದ್ಧಿವಾದವನ್ನೂ ಕಳುಹಿಸಿದ್ದೆ. ಕುಂಡದೆದುರು ಕುಳಿತಾಗ ನನಗೆ ಹೊಳೆಯಿತು: ಅವನ ಮೌನವನ್ನೂ ನಾನು ಬಾಯಾರಿಕೆಯೆಂದೇ ತಿಳಿದಿದ್ದೆ. ಅವನಿಗೆ ಬೇಕಾಗಿದ್ದದ್ದು ಗಾಳಿ.

ಕೊಡುವಾಗ ನಾವು ಯಾರ ಅಗತ್ಯವನ್ನು ಪೂರೈಸುತ್ತೇವೆ? ನಾನು ಸುರಿದ ನೀರು ಗಿಡದ ದಾಹಕ್ಕಿಂತ ನನ್ನ ಆತಂಕವನ್ನೇ ತಣಿಸುತ್ತಿತ್ತು. ಪಡೆಯುವವರ ಸ್ಥಿತಿಯನ್ನು ಅರಿಯದೆ ಕೊಡುವ ಪ್ರೀತಿ ಕೊಡುವವನ ಸಮಾಧಾನದಲ್ಲಿಯೇ ಮುಗಿದುಹೋಗುತ್ತದೆ. ಹಾಗೆಂದು ಕೈಚೆಲ್ಲಿ ದೂರ ಸರಿಯುವುದೂ ಸಲ್ಲದು. ನೀರಿಲ್ಲದೆ ಸತ್ತ ಗಿಡಗಳಿಗೇನೂ ಕೊರತೆಯಿಲ್ಲ. ಲೂಕನ ಶುಭಸಂದೇಶದ 13ನೆಯ ಅಧ್ಯಾಯದಲ್ಲಿ ಬರುವ ತೋಟಗಾರ, ಫಲ ಕೊಡದ ಅಂಜೂರದ ಮರಕ್ಕಾಗಿ ಒಂದು ವರ್ಷದ ಅವಕಾಶ ಬೇಡುತ್ತಾನೆ. ಮೊದಲು ಬುಡದ ಸುತ್ತ ಅಗೆಯುವ ಮಾತನ್ನಾಡುತ್ತಾನೆ, ಗೊಬ್ಬರದ ಮಾತು ಆಮೇಲೆ. ಬಿಗಿದ ಮಣ್ಣನ್ನು ಸಡಿಲಿಸುವುದು, ಕಾಲಾವಕಾಶ ಕೊಡುವುದು ಕೂಡ ಆರೈಕೆಯೇ ಅಲ್ಲವೇ?

ಆರನೆಯ ವಾರದಲ್ಲಿ ಗಿಡದ ಒಂದು ಗಿಣ್ಣಿನಲ್ಲಿ ಕೆಂಪು ಚಿಗುರು ಮೂಡಿತು. ಹೂವು ಇನ್ನೂ ಬಂದಿಲ್ಲ. ಮಗನಿಗೆ ಈಗ ವಾರಕ್ಕೊಮ್ಮೆ ಕರೆ ಮಾಡುತ್ತೇನೆ, ಆಡುವುದಕ್ಕಿಂತ ಹೆಚ್ಚಾಗಿ ಆಲಿಸುತ್ತೇನೆ. ಬೆಳಿಗ್ಗೆ ಚೊಂಬನ್ನು ಕೈಗೆತ್ತಿಕೊಳ್ಳುವ ಮೊದಲು ಮಣ್ಣಿಗೆ ಬೆರಳಿಳಿಸಿ ನೋಡುತ್ತೇನೆ.