ಹೆಂಗಸರ ಕಡೆ ಯಾರು ಹೋಗಬೇಕು?



ಜವಳಗಿರಿಯಿಂದ ಡೆಂಕಣಿಕೋಟೆಗೆ, ಹೊಸೂರಿಗೆ ವ್ಯಾಪಾರಕ್ಕೆಂದು ಹೋಗಿಬರುವ ನಮಗೆ ಈ ಮಾತು ಹೊಸದಲ್ಲ. ಸರ್ಕಾರಿ ಟೌನ್ ಬಸ್ಸಿನಲ್ಲಿ ಹೆಂಗಸರಂತೆ ತಿರುನಂಗೈಯರಿಗೂ, ಅಂದರೆ ಗಂಡಾಗಿ ಹುಟ್ಟಿ ಹೆಣ್ಣಾಗಿ ಬಾಳುವವರಿಗೂ, ಟಿಕೆಟ್ಟಿಗೆ ಕಾಸಿಲ್ಲ. ತಮಿಳುನಾಡು ಸರ್ಕಾರ 2021ರ ಮೇ ತಿಂಗಳಲ್ಲಿ ಹೆಂಗಸರಿಗೆ ಈ ಸವಲತ್ತು ಕೊಟ್ಟು, ಕೆಲವೇ ವಾರಗಳಲ್ಲಿ ಇವರನ್ನೂ ಸೇರಿಸಿತು. ಕರ್ನಾಟಕದಲ್ಲಿ 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಲ್ಲೂ ಇವರಿಗೆ ಪಾಲುಂಟು. (ಅದು ಕರ್ನಾಟಕದ ನಿವಾಸಿಗಳಿಗೆ ಮಾತ್ರ, ಅತ್ತಿಬೆಲೆ ದಾಟಿದರೆ ನಮ್ಮ ತಾಯಂದಿರು ಕಾಸು ಬಿಚ್ಚಲೇಬೇಕು. ಅದು ಬೇರೆ ಕಥೆ.)

ಬಸ್ಸಿನ ಮಾತು ಸುಲಭ. ಒಬ್ಬರು ಹೆಚ್ಚಿಗೆ ಕೂತರೆ ಯಾರಿಗೂ ನಷ್ಟವಿಲ್ಲ. ಜಾತ್ರೆಯ ಬಚ್ಚಲು, ಶೌಚಾಲಯ, ರಾತ್ರಿ ಹೆಂಗಸರು ಮಲಗುವ ಪಡಸಾಲೆ ಇವುಗಳ ಮಾತು ಹಾಗಲ್ಲ. ಪಕ್ಕದಲ್ಲಿ ಕೂರಲಿ, ಉಣ್ಣಲಿ, ಆದರೆ ಸೀರೆ ಬದಲಿಸುವ ಕಡೆ ನನಗೆ ಸಂಕೋಚ ಎಂದು ತಾಯಿಯೊಬ್ಬರು ಹೇಳಿದರೆ ಅದನ್ನು ದ್ವೇಷವೆನ್ನಲಾಗದು. ಹಾಗೆಂದು ಇವರನ್ನು ಗಂಡಸರ ಕಡೆ ಅಟ್ಟಬಹುದೇ? ಅಲ್ಲಿ ಕುಡಿದು ಬಂದವರ ಕೈಗೆ, ಬಾಯಿಗೆ ಸಿಕ್ಕರೆ ಏನಾದೀತೆಂದು ನಾವೆಲ್ಲ ಬಲ್ಲೆವು. ಮಂಜಮ್ಮ ಜೋಗತಿಯವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಅಂಥವರು ಬಂದಾಗ ಗಂಡಸರ ಬಚ್ಚಲಿಗೆ ಹೋಗಿರಮ್ಮ ಎನ್ನಲು ಯಾರ ನಾಲಿಗೆ ಏಳುತ್ತದೆ?

ನ್ಯಾಯಾಲಯಗಳೂ ಒಂದೇ ದಾರಿ ಹಿಡಿದಿಲ್ಲ. ನಮ್ಮ ಸುಪ್ರೀಂ ಕೋರ್ಟು 2014ರ ಏಪ್ರಿಲ್ 15ರಂದು, ತಾನು ಗಂಡೋ ಹೆಣ್ಣೋ ಎಂದು ಹೇಳಿಕೊಳ್ಳುವ ಹಕ್ಕು ಆಯಾ ವ್ಯಕ್ತಿಯದೇ ಎಂದಿತು. ಅದೇ ತೀರ್ಪಿನಲ್ಲಿ ಇವರಿಗೆ ಪ್ರತ್ಯೇಕ ಶೌಚಾಲಯ ಕಟ್ಟಿಸಿರೆಂದು ಸರ್ಕಾರಗಳಿಗೂ ಹೇಳಿತು. ಬ್ರಿಟನ್ನಿನ ಸರ್ವೋಚ್ಚ ನ್ಯಾಯಾಲಯವು 2025ರ ಏಪ್ರಿಲ್ 16ರಂದು, ಅಲ್ಲಿನ ಸಮಾನತಾ ಕಾಯಿದೆಯ ಮಟ್ಟಿಗೆ ಹುಟ್ಟಿನಿಂದ ಹೆಣ್ಣಾದವಳೇ ಹೆಣ್ಣು ಎಂದಿತು. ಆದರೂ ಇವರನ್ನು ಕೀಳಾಗಿ ಕಾಣದಂತೆ ಕಾನೂನಿನ ರಕ್ಷಣೆ ಇದ್ದೇ ಇದೆ ಎಂದೂ ಸೇರಿಸಿತು.

ಆತ್ಮಕ್ಕೆ ಗಂಡು-ಹೆಣ್ಣೆಂಬ ಭೇದವಿಲ್ಲವೆಂಬ ಜೇಡರ ದಾಸಿಮಯ್ಯನವರ ವಿಚಾರವನ್ನು ಪ್ರವಚನಗಳಲ್ಲಿ ಕೇಳಿದ್ದೇವೆ. ದಾಸೋಹದ ಪಂಕ್ತಿಗೆ ಆ ಉತ್ತರ ಸಾಕು; ಅಲ್ಲಿ ಎಲೆ ಹಾಕಲು ಎರಡನೆಯ ಯೋಚನೆ ಬೇಡ. ಬಚ್ಚಲಿಗೆ ಅದು ಸಾಲದು. ಅಲ್ಲಿ ಮರೆ ಬೇಕಾದದ್ದು ಆತ್ಮಕ್ಕಲ್ಲ, ಮೈಗೆ. ಆದ್ದರಿಂದ ಇವರು ಹೆಂಗಸರೇ ಅಲ್ಲವೇ ಎಂದು ವಾದಕ್ಕಿಳಿಯುವ ಮೊದಲು, ಈ ಜಾಗವನ್ನು ಬೇರೆ ಮಾಡಿದ್ದು ಯಾತಕ್ಕೆ ಎಂದು ಕೇಳಿಕೊಳ್ಳುವುದು ಲೇಸು. ಮರೆಗಾಗಿ ಎಂದಾದರೆ, ಒಬ್ಬೊಬ್ಬರೇ ಹೋಗಿ ಚಿಲಕ ಹಾಕಿಕೊಳ್ಳುವ ಕೋಣೆ ಇಬ್ಬರ ಕಷ್ಟವನ್ನೂ ನೀಗುತ್ತದೆ. ಆದರೆ ಅದರ ಮೇಲೆ ‘ಇಂಥವರಿಗೆ’ ಎಂದು ಬೋರ್ಡು ಬರೆಯಬಾರದು. ಬರೆದರೆ ಅದು ಊರಾಚೆಯ ಬಾವಿಯೇ ಆಯಿತು. ಹಸುಗೂಸಿನ ತಾಯಿಯೂ ಹೋಗಲಿ, ಕೈಲಾಗದ ಮುದುಕರೂ ಹೋಗಲಿ.

ಮಲಗುವ ಪಡಸಾಲೆಯ ವಿಷಯದಲ್ಲಿ ನನಗೆ ಇಷ್ಟು ಧೈರ್ಯವಿಲ್ಲ. ಜಾತ್ರಾ ಸಮಿತಿಗಳಲ್ಲಿ ಕೂತು ತೀರ್ಮಾನಿಸುವವರು ನಾವು ಗಂಡಸರು. ಇದನ್ನು ಬರೆಯುತ್ತಿರುವವನೂ ಗಂಡಸೇ. ಅಲ್ಲಿ ಮಲಗುವ ತಾಯಂದಿರನ್ನೂ, ಮಲಗಲು ಜಾಗವಿಲ್ಲದೆ ಗೋಡೆ ಮಗ್ಗುಲಲ್ಲಿ ರಾತ್ರಿ ಕಳೆಯುವವರನ್ನೂ ಕೂರಿಸಿ ಕೇಳಬೇಕು. ಬಚ್ಚಲಿನದಕ್ಕೆ ಕಾಯಬೇಕಾಗಿಲ್ಲ. ಈ ಸಲ ಪೆಂಡಾಲಿನವರು ಬಂದಾಗ ಒಂದಿಷ್ಟು ತಗಡು, ಎರಡು ಚಿಲಕ ಹೆಚ್ಚಿಗೆ ತರಲು ಹೇಳಿದರಾಯಿತು.